ಮದರ್‌ಬೋರ್ಡ್ ಹೋಯಿತೆಂದು ಕೈಬಿಡುವ ಮುನ್ನ

ಅಪ್‌ಡೇಟ್ ಅರ್ಧಕ್ಕೆ ನಿಂತು ಕಪ್ಪಾದ ಲ್ಯಾಪ್‌ಟಾಪ್‌ಗಳು ಎಷ್ಟೋ ಸಲ ಗುಜರಿಗೆ ಹೋಗಬೇಕಾದವಲ್ಲ. ಕೆಟ್ಟಿರುವುದು ಒಂದು ಪುಟ್ಟ ಚಿಪ್‌ನೊಳಗಿನ ಬರಹ. ಅದನ್ನು ತಿರುಗಿ ಬರೆಯುವ ಕೆಲಸ ತುಮಕೂರಿನಲ್ಲೇ ಆಗುತ್ತದೆ.

ತುಮಕೂರಿನ ಎಂ.ಜಿ. ರಸ್ತೆ, ಅಶೋಕ ರಸ್ತೆ, ಎಸ್.ಎಸ್. ಪುರಂ ಕಡೆಯ ಲ್ಯಾಪ್‌ಟಾಪ್ ರಿಪೇರಿ ಅಂಗಡಿಗಳಿಗೆ ಬರುವ ದೂರುಗಳಲ್ಲಿ ಇದೊಂದು ಮಾಮೂಲು: 'ಅಣ್ಣ, ಲೈಟ್ ಬರ್ತೈತೆ, ಫ್ಯಾನ್ ತಿರುಗ್ತೈತೆ, ಡಿಸ್‌ಪ್ಲೇ ಮಾತ್ರ ಬರ್ತಿಲ್ಲ.' ಅಂಗಡಿಯವರ ಮರುಪ್ರಶ್ನೆಯೂ ಅಷ್ಟೇ ಮಾಮೂಲು: 'ಅಪ್‌ಡೇಟ್ ಏನಾದ್ರೂ ಹಾಕಿದ್ರಾ?' ಹಾಕಿರುತ್ತಾರೆ, ಇಲ್ಲವೇ ಕೇಳದೆಯೇ ಅದು ತಾನಾಗಿ ಬಂದಿರುತ್ತದೆ. ನಡುವೆ ಕರೆಂಟ್ ಹೋಗಿರುತ್ತದೆ, ಇಲ್ಲವೇ ಎಷ್ಟು ಹೊತ್ತಾದರೂ ಮುಗಿಯಲಿಲ್ಲವೆಂದು ಪವರ್ ಬಟನ್ ಒತ್ತಿ ಹಿಡಿದಿರುತ್ತಾರೆ.

ಹೀಗೆ ಬರುವವರೆಲ್ಲ ಆ ಯಂತ್ರವನ್ನೇ ನಂಬಿಕೊಂಡವರು. ಪ್ರಾಜೆಕ್ಟ್ ವರದಿ ಒಪ್ಪಿಸಬೇಕಾದ ಎಂಜಿನಿಯರಿಂಗ್ ವಿದ್ಯಾರ್ಥಿ, ಗುಬ್ಬಿ ತಾಲ್ಲೂಕಿನ ಯಾವುದೋ ಹಳ್ಳಿಯಲ್ಲಿ ಗ್ರಾಮ ಒನ್ ಕೇಂದ್ರ ನಡೆಸುವ ಹುಡುಗ, ಮದುವೆ ಆಲ್ಬಂ ಕೆಲಸ ಅರ್ಧಕ್ಕೆ ಬಿಟ್ಟು ಬಂದ ಕುಣಿಗಲ್‌ನ ಸ್ಟುಡಿಯೊದವರು. ಅವರು ಹೆದರುವುದು ಒಂದೇ ಮಾತಿಗೆ: 'ಮದರ್‌ಬೋರ್ಡ್ ಹೋಗಿದೆ. ಇದಕ್ಕೆ ದುಡ್ಡು ಹಾಕೋ ಬದಲು ಹೊಸದೇ ತಗೊಳ್ಳಿ.'

ಈ ತೀರ್ಪು ಎಷ್ಟೋ ಸಲ ಅವಸರದ್ದು. ಫರ್ಮ್‌ವೇರ್, ಅಂದರೆ ಆ ಪುಟ್ಟ ಚಿಪ್‌ನ ಬರಹ, ಕೆಟ್ಟ ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಚೆನ್ನಾಗಿರುತ್ತದೆ, ರ‍್ಯಾಮ್ ಚೆನ್ನಾಗಿರುತ್ತದೆ, ಡಿಸ್ಕ್‌ನಲ್ಲಿರುವ ಫೋಟೊ, ಕಡತ ಒಂದೂ ಅಳಿದಿರುವುದಿಲ್ಲ. ಹಲವು ಸಾವಿರ ಕೊಟ್ಟು ಬೋರ್ಡ್ ಬದಲಿಸುವ ಮುನ್ನ, ಇಲ್ಲವೇ ಯಂತ್ರವನ್ನೇ ಗುಜರಿಗೆ ಹಾಕುವ ಮುನ್ನ ಏನೇನು ನೋಡಬೇಕೆಂಬುದು ಅದನ್ನು ಕೊಂಡವರಿಗೆಲ್ಲ ಗೊತ್ತಿರಬೇಕು. ಸಾಲ ಮಾಡಿ, ಕಂತು ಕಟ್ಟಿ ಲ್ಯಾಪ್‌ಟಾಪ್ ತಂದ ಮನೆಗಳಿಗಂತೂ ಈ ತಿಳಿವಳಿಕೆ ದುಡ್ಡಿನಷ್ಟೇ ಬೆಲೆಯುಳ್ಳದ್ದು.

ಎಂಟು ಕಾಲಿನ ಚಿಪ್

ಲ್ಯಾಪ್‌ಟಾಪ್‌ನ ಬೋರ್ಡ್ ಬಿಚ್ಚಿ ನೋಡಿದರೆ ಪ್ರೊಸೆಸರ್, ಅದರ ಮೇಲಿನ ತಾಮ್ರದ ಕೊಳವೆ, ಫ್ಯಾನ್ ಮೊದಲು ಕಣ್ಣಿಗೆ ಬೀಳುತ್ತವೆ. ಇವುಗಳ ನಡುವೆ ಎಲ್ಲೋ ಒಂದು ಮೂಲೆಯಲ್ಲಿ, ಎರಡು ಬದಿಗೆ ನಾಲ್ಕು ನಾಲ್ಕು ಕಾಲುಗಳಿರುವ, ಅರ್ಧ ಸೆಂಟಿಮೀಟರ್ ಅಳತೆಯ ಕಪ್ಪು ಚಿಪ್ ಇರುತ್ತದೆ. ಭೂತಗನ್ನಡಿ ಹಿಡಿದರೆ ಮೇಲೆ '25ಕ್ಯೂ64' ಅಥವಾ '25ಕ್ಯೂ128' ಎಂಬಂಥ ಅಕ್ಷರಗಳು ಕಾಣುತ್ತವೆ. ಮೊದಲನೆಯದು 8 ಎಂಬಿ ಹಿಡಿಯುತ್ತದೆ, ಎರಡನೆಯದು 16 ಎಂಬಿ. 32 ಜಿಬಿಯ ಸಾಧಾರಣ ಪೆನ್‌ಡ್ರೈವ್‌ನ ಎರಡು ಸಾವಿರದಲ್ಲೊಂದು ಪಾಲು. ಅಷ್ಟು ಜಾಗದಲ್ಲಿ ಕುಳಿತ ತಂತ್ರಾಂಶವೇ ಫರ್ಮ್‌ವೇರ್. ಅಂಗಡಿಗಳಲ್ಲಿ ಇದಕ್ಕೆ ಈಗಲೂ ಬಯೋಸ್ ಎಂದೇ ಹೆಸರು.

ಪವರ್ ಬಟನ್ ಒತ್ತಿದ ಕ್ಷಣದಲ್ಲಿ ಪ್ರೊಸೆಸರ್‌ಗೆ ಏನೂ ಗೊತ್ತಿರುವುದಿಲ್ಲ. ರ‍್ಯಾಮ್ ಎಷ್ಟಿದೆ, ಪರದೆ ಯಾವುದು, ವಿಂಡೋಸ್ ಯಾವ ಡಿಸ್ಕ್‌ನಲ್ಲಿದೆ ಎಂಬುದು ಒಂದೂ ತಿಳಿಯದು. ಮೊದಲ ಸೂಚನೆಗಾಗಿ ಅದು ಹೋಗುವುದು ಒಂದೇ ವಿಳಾಸಕ್ಕೆ, 4 ಜಿಬಿ ಗಡಿಗೆ 16 ಬೈಟ್ ಹಿಂದಿನ ಜಾಗಕ್ಕೆ. ಆ ವಿಳಾಸದ ಹಿಂದೆ ಇರುವುದು ಈ ಚಿಪ್. ಅಲ್ಲಿಂದ ಸಿಕ್ಕ ಸೂಚನೆಯಂತೆ ರ‍್ಯಾಮ್ ಎಚ್ಚರಗೊಳ್ಳುತ್ತದೆ, ಕೀಲಿಮಣೆ, ಪರದೆ, ಡಿಸ್ಕ್ ಒಂದೊಂದಾಗಿ ಎದ್ದು ಕೂರುತ್ತವೆ, ಕೊನೆಗೆ ಕೆಲಸ ವಿಂಡೋಸ್ ಅಥವಾ ಲಿನಕ್ಸ್ ಕೈಗೆ ಹೋಗುತ್ತದೆ. ಕಂಪನಿಯ ಲಾಂಛನ ಪರದೆಯ ಮೇಲೆ ಮೂಡುವಷ್ಟರಲ್ಲಿ ಇದರ ಬಹುಪಾಲು ಕೆಲಸ ಮುಗಿದಿರುತ್ತದೆ. ಆ ಚಿಪ್‌ನಲ್ಲಿ ಬರಹವೇ ಇಲ್ಲದಿದ್ದರೆ ಪ್ರೊಸೆಸರ್ ಎಷ್ಟೇ ದುಬಾರಿಯದಾದರೂ ಮುಂದಿನ ಹೆಜ್ಜೆ ಇಡಲಾರದು. ದೀಪ ಉರಿದು, ಫ್ಯಾನ್ ತಿರುಗಿ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುವುದು ಇದರಿಂದ.

ಬಯೋಸ್ ಎಂಬ ಹೆಸರನ್ನು ಗ್ಯಾರಿ ಕಿಲ್ಡಾಲ್ ತನ್ನ ಸಿಪಿ/ಎಂ ಕಾರ್ಯಾಚರಣ ವ್ಯವಸ್ಥೆಗಾಗಿ 1975ರ ಸುಮಾರಿಗೆ ಬಳಕೆಗೆ ತಂದ. 1981ರಲ್ಲಿ ಬಂದ ಐಬಿಎಂ ಪಿಸಿಯ ಮೂಲಕ ಅದು ಲೋಕಕ್ಕೆಲ್ಲ ಹಬ್ಬಿತು. ಆಗ ಆ ಬರಹ ಇದ್ದದ್ದು ಓದಲಷ್ಟೇ ಬರುವ, ತಿದ್ದಲು ಬಾರದ ಚಿಪ್‌ನಲ್ಲಿ. ತಪ್ಪಿದ್ದರೆ ಚಿಪ್ಪನ್ನೇ ಕಿತ್ತು ಬೇರೆ ಕೂರಿಸಬೇಕಿತ್ತು. ತೊಂಬತ್ತರ ದಶಕದಲ್ಲಿ ಫ್ಲ್ಯಾಶ್ ಚಿಪ್ ಬಂತು. ಕುಳಿತಲ್ಲೇ ಅಳಿಸಿ ಹೊಸದನ್ನು ಬರೆಯುವ ಅನುಕೂಲ ಸಿಕ್ಕಿತು. ಕುಳಿತಲ್ಲೇ ಕೆಡಿಸುವ ದಾರಿಯೂ ಅದರ ಜೊತೆಗೇ ತೆರೆಯಿತು.

ಆ ದಾರಿ ಎಷ್ಟು ಅಪಾಯದ್ದೆಂದು ಲೋಕಕ್ಕೆ ಗೊತ್ತಾದದ್ದು 1999ರ ಏಪ್ರಿಲ್ 26ರಂದು. ತೈವಾನಿನ ವಿದ್ಯಾರ್ಥಿ ಚೆನ್ ಇಂಗ್-ಹೌ ಬರೆದ ಸಿಐಎಚ್ ವೈರಸ್ ಅಂದು ಸಿಡಿಯಿತು. ಚೆರ್ನೋಬಿಲ್ ದುರಂತದ ದಿನಾಂಕವೇ ಆಗಿದ್ದರಿಂದ ಅದಕ್ಕೆ ಚೆರ್ನೋಬಿಲ್ ವೈರಸ್ ಎಂದೇ ಹೆಸರು ನಿಂತಿತು. ವಿಂಡೋಸ್ 95 ಮತ್ತು 98 ಓಡುತ್ತಿದ್ದ ಯಂತ್ರಗಳಲ್ಲಿ ಡಿಸ್ಕ್‌ನ ಆರಂಭದ ಭಾಗವನ್ನು ಅಳಿಸಿದ್ದಲ್ಲದೆ, ಕೆಲವು ಬಗೆಯ ಬೋರ್ಡ್‌ಗಳಲ್ಲಿ ಬಯೋಸ್ ಚಿಪ್‌ನ ಮೇಲೂ ಕಸ ಬರೆಯಿತು. ದಕ್ಷಿಣ ಕೊರಿಯ, ಟರ್ಕಿ, ಚೀನಾಗಳ ಜೊತೆಗೆ ಭಾರತದಲ್ಲೂ ಕಂಪ್ಯೂಟರ್‌ಗಳು ಕೂತಲ್ಲೇ ಕೂತವು. ಅವುಗಳಿಗೆ ಜೀವ ಬಂದದ್ದು ಚಿಪ್ ಕಿತ್ತು ಬದಲಿಸಿದಾಗ, ಇಲ್ಲವೇ ಹೊರಗಿನಿಂದ ತಿರುಗಿ ಬರೆದಾಗ. ಇವತ್ತು ಅಂಗಡಿಗಳಲ್ಲಿ ನಡೆಯುವ ಕೆಲಸವೂ ಮೂಲದಲ್ಲಿ ಅದೇ.

ಅರ್ಧಕ್ಕೆ ನಿಂತ ಬರಹ

ಫ್ಲ್ಯಾಶ್ ಚಿಪ್‌ನಲ್ಲಿ ಇದ್ದುದರ ಮೇಲೆಯೇ ಹೊಸದನ್ನು ಬರೆಯಲು ಬರುವುದಿಲ್ಲ. ಸ್ಲೇಟು ಒರೆಸಿ ಬರೆಯುವ ಹಾಗೆ ಮೊದಲು ಒಂದು ಭಾಗವನ್ನು ಪೂರ್ತಿ ಅಳಿಸಬೇಕು, ಆಮೇಲೆ ಬರೆಯಬೇಕು. ಅಳಿಸಿದ ಮೇಲೆ, ಬರೆಯುವ ಮೊದಲು ಕರೆಂಟ್ ಹೋದರೆ ಅಲ್ಲಿ ಹಳೆಯದೂ ಇಲ್ಲ, ಹೊಸದೂ ಇಲ್ಲ. ಅಪ್‌ಡೇಟ್ ನಡೆಯುವಾಗ ಆಫ್ ಮಾಡಬೇಡಿ ಎಂಬ ಎಚ್ಚರಿಕೆಯ ಹಿಂದಿರುವ ಕಾರಣ ಇಷ್ಟೇ.

ನಮ್ಮ ಊರುಗಳಲ್ಲಿ ಈ ಅಪಾಯಕ್ಕೆ ಇನ್ನೊಂದು ಮುಖವಿದೆ. ನಾಲ್ಕೈದು ವರ್ಷ ಹಳೆಯ ಲ್ಯಾಪ್‌ಟಾಪ್‌ಗಳ ಬ್ಯಾಟರಿ ಎಂದೋ ಸೋತಿರುತ್ತದೆ. ಚಾರ್ಜರ್ ಸಿಕ್ಕಿಸಿಕೊಂಡೇ ಓಡಿಸುವ ರೂಢಿ. ಅಪ್‌ಡೇಟ್ ಶುರುವಾಗುವ ಮುನ್ನ ಬ್ಯಾಟರಿ ಎಷ್ಟಿದೆಯೆಂದು ಯಂತ್ರ ನೋಡುತ್ತದೆ ನಿಜ, ಆದರೆ ಸೋತ ಬ್ಯಾಟರಿ ಪರದೆಯ ಮೇಲೆ ತೋರಿಸುವ ಅಂಕಿಯನ್ನು ನಂಬುವ ಹಾಗಿಲ್ಲ. ಸಿಡಿಲು ಗುಡುಗಿನ ಸಂಜೆ, ಲೋಡ್ ಶೆಡ್ಡಿಂಗ್ ಹೊತ್ತು, ತೋಟದ ಮನೆ: ಈ ಮೂರೂ ಕೂಡಿದ ಕಡೆ ಫರ್ಮ್‌ವೇರ್ ಅಪ್‌ಡೇಟ್ ಒತ್ತಲೇಬಾರದು.

ಕರೆಂಟ್ ಒಂದೇ ಕಾರಣವಲ್ಲ. ಹೆಸರು ಒಂದೇ ಇದ್ದರೂ ಒಳಗಿನ ಬೋರ್ಡ್ ಬೇರೆಯಿರುವ ಮಾದರಿಗೆ ತಪ್ಪು ಫೈಲ್ ಹಾಕುವುದುಂಟು. ಕೆಲವೊಮ್ಮೆ ತಪ್ಪು ತಂತ್ರಾಂಶ ತಯಾರಕರದ್ದೇ ಆಗಿರುತ್ತದೆ. 2017ರ ಅಕ್ಟೋಬರ್‌ನಲ್ಲಿ ಬಂದ ಉಬುಂಟು 17.10 ಲಿನಕ್ಸ್ ಆವೃತ್ತಿಯಲ್ಲಿ ಬಯೋಸ್ ಚಿಪ್ ನಿಭಾಯಿಸುವ ಇಂಟೆಲ್ ಎಸ್‌ಪಿಐ ಚಾಲಕದ ದೋಷವಿತ್ತು. ಅದನ್ನು ಹಾಕಿಕೊಂಡ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಮುಖ್ಯವಾಗಿ ಲೆನೊವೊ ಮಾದರಿಗಳಲ್ಲಿ, ಬಯೋಸ್ ಸೆಟ್ಟಿಂಗ್ ಉಳಿಯದಾಯಿತು, ಯುಎಸ್‌ಬಿಯಿಂದ ಬೂಟ್ ಆಗದಾಯಿತು. ಕೆನೊನಿಕಲ್ ಸಂಸ್ಥೆ ಡಿಸೆಂಬರ್‌ನಲ್ಲಿ ಅದರ ಡೌನ್‌ಲೋಡ್ ನಿಲ್ಲಿಸಿ, 2018ರ ಜನವರಿಯಲ್ಲಿ ತಿದ್ದಿದ ಆವೃತ್ತಿ ತಂದಿತು.

ಹಾಗೆಂದು ಫರ್ಮ್‌ವೇರ್ ಅಪ್‌ಡೇಟ್ ಗೊಡವೆಯೇ ಬೇಡವೆಂದು ಕೂರುವುದೂ ಸರಿಯಲ್ಲ. 2018ರ ಜನವರಿಯಲ್ಲಿ ಬಯಲಾದ ಸ್ಪೆಕ್ಟರ್ ದೋಷಕ್ಕೆ ಪ್ರೊಸೆಸರ್‌ನ ಸೂಕ್ಷ್ಮಸಂಕೇತ ತಿದ್ದಬೇಕಾಯಿತು. ಅದರಲ್ಲಿ ಬಹಳಷ್ಟು ಬಂದದ್ದು ಬಯೋಸ್ ಮೂಲಕವೇ. ಯಂತ್ರ ಶುರುವಾಗುವಾಗ ನಂಬಿಕಸ್ಥ ತಂತ್ರಾಂಶ ಮಾತ್ರ ಓಡಲಿ ಎಂದು ಕಾಯುವ ಸೆಕ್ಯೂರ್ ಬೂಟ್ ವ್ಯವಸ್ಥೆಯ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ. ಹೊಸ ಪ್ರಮಾಣಪತ್ರಕ್ಕಾಗಿ ಎಷ್ಟೋ ಮಾದರಿಗಳಿಗೆ ಫರ್ಮ್‌ವೇರ್ ಅಪ್‌ಡೇಟ್ ಬೇಕು. ಮೇಲಾಗಿ ಇಂದು ಇವು ವಿಂಡೋಸ್ ಅಪ್‌ಡೇಟ್ ಜೊತೆಗೇ ಬರುತ್ತವೆ. ಬೇಡವೆಂದರೂ ಬರುವುದನ್ನು ಎಚ್ಚರದಿಂದ ಬರಮಾಡಿಕೊಳ್ಳುವುದೇ ಜಾಣತನ.

ಮೊದಲು ಮನೆಯಲ್ಲಿ

ಪರದೆ ಕಪ್ಪಾಯಿತೆಂದರೆ ಮಾಡಬೇಕಾದ ಮೊದಲ ಕೆಲಸ ಏನೂ ಮಾಡದೆ ಕಾಯುವುದು. ಫರ್ಮ್‌ವೇರ್ ಬರೆಯುವಾಗ ಪರದೆ ಕಪ್ಪಾಗುವುದು, ಫ್ಯಾನ್ ಜೋರಾಗಿ ಓಡುವುದು, ಯಂತ್ರ ತಾನಾಗಿ ಒಂದೆರಡು ಸಲ ಆಫ್ ಆಗಿ ಆನ್ ಆಗುವುದು ಎಲ್ಲವೂ ಸಹಜ. ಚಾರ್ಜರ್ ಸಿಕ್ಕಿಸಿ ಅರ್ಧ ಗಂಟೆ ಬಿಡಿ. ಆ ಹೊತ್ತಿನಲ್ಲಿ ಗಾಬರಿಯಿಂದ ಒತ್ತಿದ ಪವರ್ ಬಟನ್ ಚೆನ್ನಾಗಿದ್ದ ಯಂತ್ರವನ್ನೂ ಕೆಡಿಸುತ್ತದೆ.

ಆಗಲೂ ಎಚ್ಚರಗೊಳ್ಳದಿದ್ದರೆ ಚಾರ್ಜರ್ ತೆಗೆದು, ಪವರ್ ಬಟನ್ ಅರ್ಧ ನಿಮಿಷ ಒತ್ತಿ ಹಿಡಿದು ಉಳಿದ ವಿದ್ಯುತ್ ಇಳಿಸಿ, ಮತ್ತೆ ಚಾರ್ಜರ್ ಹಾಕಿ ನೋಡಬೇಕು. ಎಚ್‌ಡಿಎಂಐ ಕೇಬಲ್‌ನಿಂದ ಮನೆಯ ಟಿವಿಗೆ ಜೋಡಿಸಿ ನೋಡುವುದೂ ಒಳ್ಳೆಯದು. ಅಲ್ಲಿ ಚಿತ್ರ ಬಂದರೆ ಕೆಟ್ಟಿರುವುದು ಲ್ಯಾಪ್‌ಟಾಪ್‌ನ ಪರದೆ ಅಥವಾ ಅದರ ಕೇಬಲ್, ಬಯೋಸ್ ತಂಟೆಗೆ ಹೋಗಬೇಕಾಗಿಲ್ಲ. ಕ್ಯಾಪ್ಸ್ ಲಾಕ್ ದೀಪ ಅಥವಾ ಚಾರ್ಜಿಂಗ್ ದೀಪ ಲೆಕ್ಕ ಹಾಕಿದಂತೆ ಮಿಣುಕುತ್ತಿದ್ದರೆ ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಎಷ್ಟು ಸಲ ಮಿಣುಕಿ ನಿಲ್ಲುತ್ತದೆ ಎಂಬುದರಲ್ಲೇ ತೊಂದರೆ ಬಯೋಸ್‌ನದೋ, ರ‍್ಯಾಮ್‌ನದೋ, ಬೋರ್ಡ್‌ನದೋ ಎಂದು ಕಂಪನಿಯ ಕೈಪಿಡಿ ಹೇಳುತ್ತದೆ.

ಬಹಳ ಜನರಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ತಮ್ಮನ್ನು ತಾವೇ ಸರಿಪಡಿಸಿಕೊಳ್ಳುವ ದಾರಿ ಇರುತ್ತದೆ. ಚಿಪ್‌ನ ಒಂದು ಭಾಗವನ್ನು ಸಾಮಾನ್ಯ ಅಪ್‌ಡೇಟ್ ಮುಟ್ಟದ ಹಾಗೆ ಕಾದಿಟ್ಟಿರುತ್ತಾರೆ. ಉಳಿದದ್ದು ಕೆಟ್ಟರೂ ಆ ಭಾಗ ಎದ್ದು ಡಿಸ್ಕ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಒಳ್ಳೆಯ ಪ್ರತಿ ಇದೆಯೇ ಎಂದು ಹುಡುಕುತ್ತದೆ. ಡೆಲ್‌ನ ಹಲವು ಮಾದರಿಗಳಲ್ಲಿ ಕಂಟ್ರೋಲ್ ಮತ್ತು ಎಸ್ಕೇಪ್ ಕೀಲಿಗಳನ್ನು ಒತ್ತಿ ಹಿಡಿದು ಚಾರ್ಜರ್ ಸಿಕ್ಕಿಸಿದರೆ ಬಯೋಸ್ ರಿಕವರಿ ಪರದೆ ಬರುತ್ತದೆ. ಎಚ್‌ಪಿಯ ಹಲವು ಮಾದರಿಗಳಲ್ಲಿ ವಿಂಡೋಸ್ ಕೀಲಿ ಮತ್ತು 'ಬಿ' ಕೀಲಿ ಒಟ್ಟಿಗೆ ಹಿಡಿದು ಪವರ್ ಬಟನ್ ಎರಡು ಮೂರು ಸೆಕೆಂಡ್ ಒತ್ತಬೇಕು. ಬೇರೆ ಕಂಪನಿಗಳಲ್ಲಿ ಕೀಲಿಗಳು ಬೇರೆ. ಪೆನ್‌ಡ್ರೈವ್ ಮಾತ್ರ ಎಫ್‌ಎಟಿ32 ಆಗಿ ಫಾರ್ಮ್ಯಾಟ್ ಆಗಿರಬೇಕು. ಫೈಲನ್ನು ಕಂಪನಿಯ ತಾಣದಿಂದಲೇ, ಲ್ಯಾಪ್‌ಟಾಪ್‌ನ ತಳದ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಹಾಕಿಯೇ ಇಳಿಸಿಕೊಳ್ಳಬೇಕು.

ಇದಕ್ಕೆ ಇನ್ನೊಂದು ಕಂಪ್ಯೂಟರ್ ಬೇಕು. ಹಳ್ಳಿಯಲ್ಲಿದ್ದರೆ ಪಕ್ಕದ ಮನೆಯದೋ, ಸೈಬರ್ ಸೆಂಟರಿನದೋ ಸಾಕು. ಗುಬ್ಬಿಯಿಂದ ತುಮಕೂರಿಗೆ ಬರುವ ಮುನ್ನ, ಕುಣಿಗಲ್‌ನಿಂದ ತುಮಕೂರಿಗೋ ಬೆಂಗಳೂರಿಗೋ ಬಸ್ ಹತ್ತುವ ಮುನ್ನ ಈ ಒಂದು ಪ್ರಯತ್ನ ಆಗಿರಲಿ.

ಚಿಪ್ ಲೆವೆಲ್ ಮೇಜು

ಇಷ್ಟಕ್ಕೂ ಬಗ್ಗದಿದ್ದರೆ 'ಚಿಪ್ ಲೆವೆಲ್ ಸರ್ವಿಸ್' ಎಂದು ಬೋರ್ಡ್ ಹಾಕಿದ ಅಂಗಡಿಗೆ ಹೋಗಬೇಕು. ಈ ಕೆಲಸವನ್ನು ಹತ್ತಿರದಿಂದ ನೋಡಿದರೆ ಗೌರವ ಹುಟ್ಟುತ್ತದೆ.

ತಳದ ಸ್ಕ್ರೂಗಳನ್ನು ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ತೆಗೆಯುತ್ತಾರೆ. ಚಿಪ್ ಹುಡುಕಿ ಅದರ ಮೇಲಿನ ಅಕ್ಷರಗಳನ್ನು ಕೊನೆಯವರೆಗೂ ಓದುತ್ತಾರೆ. ಆ ಕೊನೆಯ ಅಕ್ಷರಗಳಲ್ಲೇ ಪ್ರಾಣವಿದೆ. ವಿನ್‌ಬಾಂಡ್ ಚಿಪ್‌ನಲ್ಲಿ '128ಎಫ್‌ವಿ' ಎಂದಿದ್ದರೆ ಅದು 3.3 ವೋಲ್ಟ್‌ನದು, '128ಎಫ್‌ಡಬ್ಲ್ಯು' ಎಂದಿದ್ದರೆ 1.8 ವೋಲ್ಟ್‌ನದು. ಎರಡನೆಯದಕ್ಕೆ ಮೊದಲನೆಯದರ ವೋಲ್ಟೇಜ್ ಕೊಟ್ಟರೆ ಚಿಪ್ ಸುಡಬಹುದು. ಮಾರುಕಟ್ಟೆಯಲ್ಲಿ ಕೆಲವೇ ನೂರು ರೂಪಾಯಿಗೆ ಸಿಗುವ, ಚಿಪ್ ಓದಿ ಬರೆಯುವ ಸಾಧನವಾದ ಸಿಎಚ್341ಎ ಪ್ರೋಗ್ರಾಮರ್‌ನ ಕಪ್ಪು ಬಣ್ಣದ ಮಾದರಿಯಲ್ಲಿ ದತ್ತಾಂಶದ ತಂತಿಗಳಿಗೆ 5 ವೋಲ್ಟ್ ಬರುವ ದೋಷ ಹೆಸರಾದದ್ದು. ಕೆಲಸ ಬಲ್ಲವರು ಅದನ್ನು ತಿದ್ದಿಕೊಂಡು ಬಳಸುತ್ತಾರೆ, ಇಲ್ಲವೇ ದುಬಾರಿ ಪ್ರೋಗ್ರಾಮರ್ ಇಟ್ಟುಕೊಳ್ಳುತ್ತಾರೆ.

ಚಿಪ್‌ನ ಒಂದು ಮೂಲೆಯಲ್ಲಿ ಸಣ್ಣ ಚುಕ್ಕಿ ಇರುತ್ತದೆ. ಅದು ಮೊದಲ ಕಾಲಿನ ಗುರುತು. ಎಂಟು ಹಲ್ಲಿನ ಕ್ಲಿಪ್‌ನ ಕೆಂಪು ತಂತಿ ಆ ಚುಕ್ಕಿಯ ಕಡೆಗೇ ಬರಬೇಕು. ಕ್ಲಿಪ್ ಕೂರಿಸಿ ಮೊದಲು ಮಾಡುವುದು ಬರೆಯುವುದಲ್ಲ, ಓದುವುದು. ಒಂದು ಸಲ ಓದಿ ಫೈಲ್ ಉಳಿಸಿಕೊಂಡು, ಮತ್ತೊಂದು ಸಲ ಓದಿ, ಎರಡನ್ನೂ ತಾಳೆ ನೋಡುತ್ತಾರೆ. ಒಂದೇ ಒಂದು ಬೈಟ್ ವ್ಯತ್ಯಾಸ ಬಂದರೂ ಕ್ಲಿಪ್ ಸರಿಯಾಗಿ ಕೂತಿಲ್ಲವೆಂದು ಅರ್ಥ. ತಾಳೆಯಾದ ಮೇಲೆ ಫೈಲ್ ತೆರೆದರೆ ಕೆಟ್ಟ ಜಾಗ ಕಣ್ಣಿಗೇ ಕಾಣುವುದುಂಟು: ಸಂಕೇತಗಳು ತುಂಬಿರಬೇಕಾದ ಕಡೆ ಪುಟದುದ್ದಕ್ಕೂ 'ಎಫ್‌ಎಫ್ ಎಫ್‌ಎಫ್ ಎಫ್‌ಎಫ್'. ಅಳಿಸಿದ್ದು ಅಳಿಸಿದಂತೆಯೇ ಉಳಿದಿದೆ, ಬರೆಯುವಷ್ಟರಲ್ಲಿ ನಿಂತಿದೆ.

ಕೆಟ್ಟ ಚಿಪ್‌ನಿಂದ ಓದಿದ ಈ ಡಂಪ್ ಕಸವಲ್ಲ. ಎಷ್ಟೋ ಮಾದರಿಗಳಲ್ಲಿ ಆ ಲ್ಯಾಪ್‌ಟಾಪ್‌ನ ಸೀರಿಯಲ್ ನಂಬರ್, ಕೊಂಡಾಗಲೇ ಬಂದ ವಿಂಡೋಸ್‌ನ ಕೀಲಿ, ಕೆಲವು ಕಡೆ ನೆಟ್‌ವರ್ಕ್ ವಿಳಾಸ ಇರುವುದು ಇಲ್ಲೇ. ಕಂಪನಿಯ ತಾಣದಲ್ಲಿ ಸಿಗುವ ಅಪ್‌ಡೇಟ್ ಫೈಲ್‌ನಲ್ಲಿ ಇವು ಇರುವುದಿಲ್ಲ. ಆದ್ದರಿಂದ ಒಳ್ಳೆಯ ಕೆಲಸಗಾರರು ಕಂಪನಿಯ ಫೈಲ್‌ನಿಂದ ಬಯೋಸ್ ಭಾಗವನ್ನು ತೆಗೆದು, ಗ್ರಾಹಕರ ಡಂಪ್‌ನಿಂದ ಅವರದೇ ವಿವರಗಳನ್ನು ಉಳಿಸಿ, ಎರಡನ್ನೂ ಸೇರಿಸಿ ಬರೆಯುತ್ತಾರೆ. ಅವಸರದವರು ಬೇರೆ ಯಾರದೋ ಲ್ಯಾಪ್‌ಟಾಪ್‌ನ ಡಂಪನ್ನು ಹಾಗೆಯೇ ಹೊಡೆದುಬಿಡುತ್ತಾರೆ. ಯಂತ್ರ ಆನ್ ಆಗುತ್ತದೆ, ಆದರೆ ಸೀರಿಯಲ್ ನಂಬರ್ ಬೇರೆಯವರದು, ಕೆಲವೊಮ್ಮೆ ಪಾಸ್‌ವರ್ಡೂ ಬೇರೆಯವರದು. ಇಂಟೆಲ್ ಬೋರ್ಡ್‌ಗಳಲ್ಲಿ ಎಂಇ ಎಂಬ ಭಾಗ ಹೊಂದದಿದ್ದರೆ ಫ್ಯಾನ್ ಸದಾ ಜೋರಾಗಿ ಓಡುತ್ತದೆ, ಅರ್ಧ ಗಂಟೆಗೊಮ್ಮೆ ಯಂತ್ರ ತಾನಾಗಿ ಆಫ್ ಆಗುವುದೂ ಉಂಟು. 'ಬಯೋಸ್ ಹೊಡೆಸಿದ ಮೇಲೆ ಹೀಗಾಯ್ತು' ಎಂಬ ದೂರುಗಳ ಮೂಲ ಇಲ್ಲಿರುತ್ತದೆ. ಹಳೆಯ ಡಂಪ್ ಉಳಿಸಿದ್ದಾರೆಯೇ ಎಂದು ಗ್ರಾಹಕರು ಕೇಳಬೇಕು, ಅದರ ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಬೇಕು.

ಬರೆದು, ಬರೆದದ್ದನ್ನು ತಿರುಗಿ ಓದಿ ತಾಳೆ ನೋಡಿದ ಮೇಲೆ ಬ್ಯಾಟರಿ ಜೋಡಿಸಿ ಆನ್ ಮಾಡುತ್ತಾರೆ. ಮೊದಲ ಸಲ ಪರದೆ ಬರುವುದು ತಡವಾಗುತ್ತದೆ, ರ‍್ಯಾಮ್‌ನ ಅಳತೆಯನ್ನು ಯಂತ್ರ ಹೊಸದಾಗಿ ತೆಗೆಯುತ್ತಿರುತ್ತದೆ. ವಿಂಡೋಸ್ ನೀಲಿ ಪರದೆ ತೋರಿಸಿ ನಿಂತರೂ ಕೂಡಲೇ ಫಾರ್ಮ್ಯಾಟ್ ಮಾಡಿಸಬೇಡಿ. ಬಯೋಸ್ ಸೆಟ್ಟಿಂಗ್‌ನಲ್ಲಿ ಡಿಸ್ಕ್‌ನ ವಿಧಾನ ಮೊದಲು ಎಎಚ್‌ಸಿಐ ಇತ್ತೋ ರೇಡ್ ಇತ್ತೋ ನೋಡಿ ಹಿಂದಿನಂತೆ ಮಾಡಿದರೆ ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ.

ತುಮಕೂರಿಗೆ ಇಂಥ ಸೂಕ್ಷ್ಮ ಕೆಲಸ ಹೊಸದಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2016ರಲ್ಲಿ ಮುಚ್ಚುವವರೆಗೂ ಎಚ್‌ಎಂಟಿ ಗಡಿಯಾರ ಕಾರ್ಖಾನೆ ಇದ್ದ ಊರಿದು. ಆ ಜಾಗ ಈಗ ಇಸ್ರೊ ಪಾಲಾಗಿದೆ. ಟಿವಿಎಸ್ ಎಲೆಕ್ಟ್ರಾನಿಕ್ಸ್‌ನ ಕೀಬೋರ್ಡ್, ಪ್ರಿಂಟರ್‌ಗಳು ಇಲ್ಲಿನ ಘಟಕದಲ್ಲೇ ತಯಾರಾಗಿವೆ. ಚಿಮಟ, ಭೂತಗನ್ನಡಿ, ತಾಳ್ಮೆಯಿಂದ ಬದುಕು ಕಟ್ಟಿಕೊಂಡವರ ಊರಲ್ಲಿ ಚಿಪ್ ಲೆವೆಲ್ ಕೆಲಸಗಾರರನ್ನೂ ಅದೇ ಸಾಲಿನ ಕುಶಲಕರ್ಮಿಗಳೆಂದು ನಾವು ಕಾಣಬೇಕು. ಅವರ ಕೂಲಿಗೆ ಚೌಕಾಸಿ ಮಾಡುವಾಗ, ಅವರು ಕೈಬಿಟ್ಟಿದ್ದರೆ ತೆರಬೇಕಿದ್ದ ಬೋರ್ಡ್‌ನ ಬೆಲೆ ನೆನಪಿರಲಿ.

ಪಾಸ್‌ವರ್ಡ್ ಬೀಗ ಬೇರೆ ಮಾತು

ಬಯೋಸ್ ಪಾಸ್‌ವರ್ಡ್ ಮರೆತು ಬರುವವರೂ ಇದ್ದಾರೆ. ಇಲ್ಲಿ ಯಂತ್ರ ಕೆಟ್ಟಿಲ್ಲ. ಅದು ತನಗೆ ಹೇಳಿದ ಕೆಲಸವನ್ನೇ ಮಾಡುತ್ತಿದೆ. ಹಾಗಾಗಿ ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ತಂತ್ರದ್ದಲ್ಲ: ಈ ಲ್ಯಾಪ್‌ಟಾಪ್ ಯಾರದು?

ಹಳೆಯ ಯಂತ್ರಗಳಲ್ಲಿ ಬೋರ್ಡ್ ಮೇಲಿನ ನಾಣ್ಯದಾಕಾರದ ಬ್ಯಾಟರಿ ತೆಗೆದಿಟ್ಟರೆ ಪಾಸ್‌ವರ್ಡ್ ಅಳಿಯುತ್ತಿತ್ತು. ಆ ಉಪಾಯ ಈಗಲೂ ಬಾಯಿಂದ ಬಾಯಿಗೆ ಓಡಾಡುತ್ತದೆ. ಈಗಿನ ಬಹುತೇಕ ಲ್ಯಾಪ್‌ಟಾಪ್‌ಗಳಲ್ಲಿ ಪಾಸ್‌ವರ್ಡ್ ಇರುವುದು ವಿದ್ಯುತ್ ಇಲ್ಲದಿದ್ದರೂ ಮರೆಯದ ಚಿಪ್‌ನಲ್ಲಿ. ಬ್ಯಾಟರಿ ತೆಗೆದರೆ ಗಡಿಯಾರದ ಸಮಯ ತಪ್ಪುತ್ತದೆ, ಬೀಗ ಹಾಗೆಯೇ ಉಳಿಯುತ್ತದೆ. ಡಿಸ್ಕ್‌ಗೇ ಹಾಕಿದ ಪಾಸ್‌ವರ್ಡ್ ಇನ್ನೂ ಬೇರೆ. ಅದು ಡಿಸ್ಕ್‌ನೊಳಗೇ ಇರುವುದರಿಂದ ಬಯೋಸ್ ಎಷ್ಟು ಸಲ ಬರೆದರೂ ಹೋಗದು.

ಬಿಲ್ ಇದ್ದವರಿಗೆ ನೇರ ದಾರಿ ಕಂಪನಿಯೇ. ಡೆಲ್‌ನಂಥ ಕಂಪನಿ ಮಾಲೀಕತ್ವದ ದಾಖಲೆ ನೋಡಿ ಬಿಡುಗಡೆಯ ಪಾಸ್‌ವರ್ಡ್ ಕೊಡುವ ಪದ್ಧತಿ ಇಟ್ಟುಕೊಂಡಿದೆ. ಲೆನೊವೊದ ಥಿಂಕ್‌ಪ್ಯಾಡ್ ಕೈಪಿಡಿಗಳು ಸೂಪರ್‌ವೈಸರ್ ಪಾಸ್‌ವರ್ಡ್ ಮರೆತರೆ ಬೋರ್ಡ್ ಬದಲಿಸಬೇಕೆಂದೇ ಹೇಳುತ್ತವೆ. ಆದ್ದರಿಂದ ಪಾಸ್‌ವರ್ಡ್ ಹಾಕುವವರು ಅದನ್ನು ಕಾಗದದ ಮೇಲೆ ಬರೆದು, ಬಿಲ್ ಜೊತೆ, ಮನೆಯ ಪತ್ರಗಳಿರುವ ಕಡೆ ಇಡಬೇಕು.

ಬಿಲ್ ಇಲ್ಲದೆ ಬೀಗ ತೆಗೆಸಲು ಬರುವವರ ಕಥೆ ಸೂಕ್ಷ್ಮವಾದದ್ದು. ಬೆಂಗಳೂರಿನ ಕಂಪನಿಗಳು ಬಳಸಿಬಿಟ್ಟ ಲ್ಯಾಪ್‌ಟಾಪ್‌ಗಳು ಅಲ್ಲಿನ ಎಸ್.ಪಿ. ರಸ್ತೆಯ ಮಾರುಕಟ್ಟೆಯ ದಾರಿಯಾಗಿ ಸುತ್ತಲ ಜಿಲ್ಲೆಗಳಿಗೆ ಬರುತ್ತವೆ. ಸರಿಯಾಗಿ ಬಿಡುಗಡೆಯಾದವು ವಿದ್ಯಾರ್ಥಿಗಳಿಗೆ ವರ. ಕಂಪನಿ ಬಿಟ್ಟುಕೊಡದವು, ಕದ್ದವು ಕೂಡ ಅದೇ ಹರಿವಿನಲ್ಲಿ ಬರಬಹುದು. ಫೋನ್ ಕಳೆದರೆ ಐಎಂಇಐ ನಂಬರ್ ಕೊಟ್ಟು ಸಿಇಐಆರ್ ಪೋರ್ಟಲ್‌ನಲ್ಲಿ ತಡೆಹಿಡಿಸಬಹುದು. ಲ್ಯಾಪ್‌ಟಾಪ್‌ಗೆ ಅಂಥ ವ್ಯವಸ್ಥೆ ಇಲ್ಲ. ಕದ್ದ ಮಾಲೆಂದು ತಿಳಿದೂ ಇಟ್ಟುಕೊಳ್ಳುವುದು ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಬಿಲ್ ಕೇಳುವ ಅಂಗಡಿಯವರ ಮೇಲೆ ಸಿಟ್ಟು ಮಾಡಿಕೊಳ್ಳಬಾರದು. ನಾಳೆ ನಮ್ಮ ಲ್ಯಾಪ್‌ಟಾಪ್ ಕಳುವಾದರೆ ನಮ್ಮ ಪರ ನಿಲ್ಲುವುದು ಆ ಪ್ರಶ್ನೆಯೇ.

ಹಳೆಯದನ್ನು ಕೊಳ್ಳುವವರು ದುಡ್ಡು ಎಣಿಸುವ ಮುನ್ನ ಆನ್ ಮಾಡಿ ಬಯೋಸ್ ಸೆಟ್ಟಿಂಗ್‌ಗೆ ಹೋಗಿ ನೋಡಲಿ. ಪಾಸ್‌ವರ್ಡ್ ಕೇಳಿದರೆ ಅಲ್ಲೇ ಬಿಟ್ಟುಬನ್ನಿ. ಪರದೆಯ ಮೇಲಿನ ಸೀರಿಯಲ್ ನಂಬರ್ ತಳದ ಚೀಟಿಯ ನಂಬರ್‌ಗೆ ಹೊಂದದಿದ್ದರೂ ಕಾರಣ ಕೇಳಿ. ವಿಂಡೋಸ್ ಹೊಸದಾಗಿ ಹಾಕುವಾಗ ಯಾವುದೋ ಕಂಪನಿಯ ಹೆಸರು ತೋರಿಸಿ ಲಾಗಿನ್ ಕೇಳಿದರೆ ಆ ಯಂತ್ರ ಇನ್ನೂ ಆ ಕಂಪನಿಯ ಹಿಡಿತದಲ್ಲಿದೆ.

48 ಅಂಕಿಯ ಕೀಲಿ

ಫರ್ಮ್‌ವೇರ್ ಸರಿಹೋದರೂ ಕಡತ ಕೈಗೆ ಸಿಗದೆ ಹೋಗುವ ಒಂದು ಸಂದರ್ಭವಿದೆ. ಇದೇ ಅತ್ಯಂತ ನೋವಿನದು.

ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ನ ಮಾಹಿತಿ ಗೂಢಲಿಪಿಯಲ್ಲಿ ಉಳಿಯುವ ಬಿಟ್‌ಲಾಕರ್ ಏರ್ಪಾಡು ಮೈಕ್ರೊಸಾಫ್ಟ್ ಖಾತೆಯಿಂದ ಲಾಗಿನ್ ಆದೊಡನೆ ತಾನಾಗಿ ಶುರುವಾಗುತ್ತದೆ. ಅದರ ಕೀಲಿ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿರುತ್ತದೆ. ಫರ್ಮ್‌ವೇರ್ ಬದಲಾದರೆ ಟಿಪಿಎಂ ಅನುಮಾನಪಟ್ಟು ಕೀಲಿ ಕೊಡುವುದಿಲ್ಲ. ಚಿಪ್ ಅಥವಾ ಬೋರ್ಡ್ ಬದಲಾದರೆ ಕೀಲಿಯೇ ಇರುವುದಿಲ್ಲ. ಆಗ ನೀಲಿ ಪರದೆ 48 ಅಂಕಿಯ ಬಿಟ್‌ಲಾಕರ್ ರಿಕವರಿ ಕೀಲಿ ಕೇಳುತ್ತದೆ. ಅದಿಲ್ಲದೆ ಆ ಡಿಸ್ಕನ್ನು ತುಮಕೂರಲ್ಲ, ಲೋಕದ ಯಾವ ಊರಿನ ಅಂಗಡಿಯೂ ತೆರೆಯಲಾರದು.

ಆ ಕೀಲಿ ಬಹುತೇಕ ಮೈಕ್ರೊಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ತೊಂದರೆ ಬರುವುದು ಆ ಖಾತೆ ಯಾರದೆಂದು ನೆನಪಿಲ್ಲದಾಗ. ಕೊಂಡ ದಿನ ಅಂಗಡಿಯಲ್ಲಿ ಯಾರೋ ತಮ್ಮ ಇಮೇಲ್ ಹಾಕಿಕೊಟ್ಟಿರುತ್ತಾರೆ, ಇಲ್ಲವೇ ಆಗ ಇದ್ದ ಫೋನ್ ನಂಬರ್ ಈಗ ಇರುವುದಿಲ್ಲ. ಈ ಭಾನುವಾರ ನಿಮ್ಮ ಮನೆಯ ಲ್ಯಾಪ್‌ಟಾಪ್ ತೆರೆದು, ಬಿಟ್‌ಲಾಕರ್ ಆನ್ ಇದೆಯೇ ನೋಡಿ, ಕೀಲಿಯನ್ನು ಕಾಗದಕ್ಕೆ ಬರೆದುಕೊಳ್ಳಿ. ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಬೇರೆ ಡಿಸ್ಕ್‌ನಲ್ಲಿಡಿ. ಈ ಲೇಖನದಿಂದ ಒಂದೇ ಒಂದು ಕೆಲಸ ಆಗುವುದಾದರೆ ಅದು ಇದಾಗಲಿ.

ರಿಪೇರಿ ಯಾರ ಹಕ್ಕು?

2018ರಲ್ಲಿ ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆ ಫರ್ಮ್‌ವೇರ್ ಬಗ್ಗೆ ಒಂದು ಮಾರ್ಗಸೂಚಿ ಪ್ರಕಟಿಸಿತು. ಅದರ ತಿರುಳು ಮೂರು ಮಾತು: ಕಾಪಾಡು, ಕೆಟ್ಟರೆ ಗುರುತಿಸು, ತಾನಾಗಿ ಹಿಂದಿನ ಸ್ಥಿತಿಗೆ ಮರಳು. ಕಂಪನಿಗಳಿಗೆಂದು ಮಾಡಿದ ದುಬಾರಿ ಲ್ಯಾಪ್‌ಟಾಪ್‌ಗಳಲ್ಲಿ ಇದು ಚೆನ್ನಾಗಿ ಜಾರಿಗೆ ಬಂದಿದೆ. ಅಗ್ಗದ ಮಾದರಿಗಳೆಲ್ಲದರಲ್ಲೂ ಆ ಮಟ್ಟದ ಕಾವಲು ಇರುವುದಿಲ್ಲ. ಕರೆಂಟ್ ನಂಬಲಾಗದ ಊರಿನ, ಇನ್ನೊಂದು ಲ್ಯಾಪ್‌ಟಾಪ್ ಕೊಳ್ಳಲಾಗದ ವಿದ್ಯಾರ್ಥಿಯ ಕೈಗೆ ಬರುವುದು ಆ ಅಗ್ಗದ ಮಾದರಿಯೇ. ಕಾವಲು ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ ಸಿಗುವುದು ಅನ್ಯಾಯ.

ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ವರ್ಷದ ಡಿಸೆಂಬರ್ 24ರಂದು ರೈಟ್ ಟು ರಿಪೇರ್ ಪೋರ್ಟಲ್ ತೆರೆಯಿತು. ಫ್ರಾನ್ಸ್‌ನಲ್ಲಿ 2021ರ ಜನವರಿಯಿಂದ ಲ್ಯಾಪ್‌ಟಾಪ್‌ಗಳ ಮೇಲೆ ರಿಪೇರಿ ಅಂಕ ನಮೂದಿಸುವುದು ಕಡ್ಡಾಯ. ನಮ್ಮಲ್ಲೂ ಅಂಥ ಅಂಕ ಬರುವುದಾದರೆ ಅದರಲ್ಲಿ ಫರ್ಮ್‌ವೇರ್ ಸೇರಬೇಕು. ಸ್ಕ್ರೂ ಬಿಚ್ಚಲು ಎಷ್ಟು ಸುಲಭ ಎಂಬುದರ ಜೊತೆಗೆ, ಪೂರ್ತಿ ಚಿಪ್‌ನ ಅಧಿಕೃತ ಫೈಲ್ ರಿಪೇರಿಯವರಿಗೆ ಸಿಗುತ್ತದೆಯೇ ಎಂಬುದನ್ನೂ ಅಳೆಯಬೇಕು. ಅದು ಸಿಗದೆ ಇರುವುದರಿಂದಲೇ ಕೆಲಸಗಾರರು ಯಾರದೋ ಡಂಪ್‌ಗಾಗಿ ವಾಟ್ಸ್‌ಆ್ಯಪ್, ಟೆಲಿಗ್ರಾಂ ಗುಂಪುಗಳಲ್ಲಿ ಅಲೆಯುತ್ತಾರೆ.

ಕಾಲೇಜುಗಳ ಪಾಲೂ ಇದೆ. 1963ರಿಂದ ಎಂಜಿನಿಯರ್‌ಗಳನ್ನು ತಯಾರಿಸುತ್ತ ಬಂದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಇರುವ ನಗರ ತುಮಕೂರು. ಗುಬ್ಬಿಯಲ್ಲೂ ಎಂಜಿನಿಯರಿಂಗ್ ಕಾಲೇಜು ಇದೆ. ಇಲ್ಲಿನ ಪಾಲಿಟೆಕ್ನಿಕ್, ಐಟಿಐ, ಎಂಜಿನಿಯರಿಂಗ್ ಪ್ರಯೋಗಾಲಯಗಳಲ್ಲಿ ಒಂದು ಪ್ರೋಗ್ರಾಮರ್, ಒಂದು ಕ್ಲಿಪ್, ಕೆಲವು ಹಳೆಯ ಬೋರ್ಡ್ ಇಟ್ಟರೆ ಸಾಕು. ಚಿಪ್ ಓದಲು, ಬರೆಯಲು ಬೇಕಾದ ಫ್ಲ್ಯಾಶ್‌ರಾಮ್ ಎಂಬ ಮುಕ್ತ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಪುಸ್ತಕದಲ್ಲಿ ಮೆಮರಿಯ ಪಾಠ ಓದಿದ ವಿದ್ಯಾರ್ಥಿ ಅದನ್ನು ತನ್ನ ಕೈಯಾರೆ ಓದಿ, ಬರೆದು, ತಾಳೆ ನೋಡಬಹುದು. ಆ ಮಧ್ಯಾಹ್ನದ ಪಾಠ ಅವನಿಗೆ ಒಂದು ಕಸುಬನ್ನೂ ಕೊಡಬಲ್ಲದು.

ಎಲ್ಲಕ್ಕಿಂತ ದೊಡ್ಡ ಬಲ ಇರುವುದು ಸರ್ಕಾರದ ಕೈಯಲ್ಲಿ. ಸರ್ಕಾರಿ ಕಾಲೇಜುಗಳ ಪದವಿ ವಿದ್ಯಾರ್ಥಿಗಳಿಗೆ, ಕಟ್ಟಡ ಕಾರ್ಮಿಕರ ಮಕ್ಕಳಿಗೆ ಲ್ಯಾಪ್‌ಟಾಪ್ ಹಂಚಿದ ರಾಜ್ಯ ನಮ್ಮದು. ಮುಂದಿನ ಸಲ ಟೆಂಡರ್ ಕರೆಯುವಾಗ ಪ್ರೊಸೆಸರ್, ರ‍್ಯಾಮ್, ಬೆಲೆಗಳ ಜೊತೆಗೆ ಮೂರು ಷರತ್ತು ಸೇರಿಸಲಿ: ಫರ್ಮ್‌ವೇರ್ ಕೆಟ್ಟರೆ ತಾನಾಗಿ ಮರಳುವ ವ್ಯವಸ್ಥೆ ಇರಬೇಕು, ಅಧಿಕೃತ ಫೈಲ್ ಎಲ್ಲ ರಿಪೇರಿಯವರಿಗೂ ಸಿಗಬೇಕು, ಮರಳಿ ಪಡೆಯುವ ಕ್ರಮವನ್ನು ಕನ್ನಡದಲ್ಲಿ ಬರೆದ ಒಂದು ಹಾಳೆ ಪ್ರತಿ ಪೆಟ್ಟಿಗೆಯಲ್ಲೂ ಇರಬೇಕು. ದೊಡ್ಡ ಸಂಖ್ಯೆಯಲ್ಲಿ ಕೊಳ್ಳುವವರ ಷರತ್ತನ್ನು ಯಾವ ಕಂಪನಿಯೂ ಸುಲಭವಾಗಿ ತಳ್ಳಿಹಾಕುವುದಿಲ್ಲ. ಸರ್ಕಾರಕ್ಕಾಗಿ ಒಮ್ಮೆ ಹೀಗೆ ಮಾಡಿಕೊಟ್ಟ ಮೇಲೆ ಅಂಗಡಿಯಲ್ಲಿ ಒಂದೇ ಒಂದು ಲ್ಯಾಪ್‌ಟಾಪ್ ಕೊಳ್ಳುವ ಮನೆಯವರೂ ಅದನ್ನೇ ಕೇಳಬಹುದು.